ಸವಾರನೋ, ಸಾಯಿಸನೋ? ಮೈಸೂರು ಕುದುರೆ ದಳದ ಚರಿತ್ರೆ

ಗುಬ್ಬಿಯಲ್ಲಿ ನಮ್ಮ ದಾದಿಯ ಮನೆ ಎಲ್ಲಿ ಎಂದು ಓಣಿಯ ಹಿರಿಯರನ್ನು ಕೇಳಿ ನೋಡಿ. 'ಓ, ಸಾಯಿಸ್ ಸಾಬರ ಮನೆಯಾ? ಹೀಗೇ ಮುಂದಕ್ಕೆ ಹೋಗಿ' ಎನ್ನುತ್ತಾರೆ. ಈ ಮಾತು ದಾದಿಯ ಕಿವಿಗೆ ಬಿದ್ದರೆ ಮುಗಿಯಿತು. 'ಸಾಯಿಸ್ ನಕ್ಕೋ ಬೋಲೋ, ಸವಾರ್ ಬೋಲೋ' ಎಂದು ನಮ್ಮ ದಖನಿಯಲ್ಲಿ ಗದರುತ್ತಾರೆ. ನಮ್ಮ ದಾದಾನ ದಾದಾ ಮೈಸೂರು ಮಹಾರಾಜರ ರಿಸಾಲೆಯ ಜೊತೆ ಸಮುದ್ರ ದಾಟಿ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಅವರು ಅಲ್ಲಿ ಏನಾಗಿದ್ದರು ಎಂಬುದರಲ್ಲಿ. ಸವಾರ ಎಂದರೆ ಕುದುರೆಯ ಮೇಲೆ ಕೂತು ಯುದ್ಧ ಮಾಡುವವನು. ಸಾಯಿಸ ಎಂದರೆ ಅದೇ ಕುದುರೆಗೆ ಹುಲ್ಲು ನೀರು ಇಟ್ಟು, ಮೈ ಉಜ್ಜಿ, ಲಾಯ ಗುಡಿಸುವವನು.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ತರಗತಿಯಲ್ಲಿ ಹೈಫಾ ಯುದ್ಧದ ಮಾತು ಬಂತು. ನಾನು ಹೆಮ್ಮೆಯಿಂದ ಮನೆಯ ಕಥೆ ಹೇಳಿದೆ. ಬಿಡುವಿನ ವೇಳೆಯಲ್ಲಿ ಗೆಳೆಯನೊಬ್ಬ ಕೇಳಿದ: 'ಎದುರಿಗೆ ಇದ್ದದ್ದು ತುರ್ಕಿಯ ಖಲೀಫರ ಸೈನ್ಯ ಅಲ್ಲವಾ? ಹಾಗಾದರೆ ನಿಮ್ಮ ಮುತ್ತಾತ ಯಾರ ಕಡೆ?' ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ನನ್ನ ಬಳಿ ಉತ್ತರ ಇರಲಿಲ್ಲ. ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ವಾಣಿಜ್ಯ ವಿಭಾಗದವರಿಗೆ ಇತಿಹಾಸ ಏಕೆ ಎಂದು ಕೇಳಬೇಡಿ. ಓದುತ್ತಾ ಹೋದಂತೆ ಇದು ನಮ್ಮದೇ ಲೆಕ್ಕಶಾಸ್ತ್ರದ ಪಾಠ ಎಂದು ನಿಮಗೂ ಅನ್ನಿಸಬಹುದು.

ಮೊದಲು ಒಂದು ಪದ: ಸಿಲೇದಾರ. ಹಳೆಯ ಮೈಸೂರಿನ ಸೈನ್ಯದ ಬಗ್ಗೆ ಯಾವ ಪುಸ್ತಕ ತೆರೆದರೂ ಇದು ಸಿಗುತ್ತದೆ. ಉರ್ದು ಬಲ್ಲವರಿಗೆ ಅರ್ಥ ಸುಲಭ. ಸಿಲಾಹ್ ಎಂದರೆ ಆಯುಧ, ದಾರ್ ಎಂದರೆ ಉಳ್ಳವನು. ತನ್ನ ಆಯುಧವನ್ನೂ ತನ್ನ ಕುದುರೆಯನ್ನೂ ತಾನೇ ತಂದು ನೌಕರಿಗೆ ಸೇರುವವನು ಸಿಲೇದಾರ. ಸ್ವಂತ ಕುದುರೆಯಿಲ್ಲದೆ ಇನ್ನೊಬ್ಬರ ಕುದುರೆ ಏರುವವನು ಬಾರ್ಗೀರ. ಇವರಲ್ಲದೆ ಸರ್ಕಾರವೇ ಕುದುರೆ ಕೊಟ್ಟು ಸಾಕುತ್ತಿದ್ದ ಸವಾರರೂ ಇದ್ದರು. ಹೈದರಾಲಿಯ ಸೈನ್ಯದಲ್ಲಿ ಸರ್ಕಾರಿ ಲಾಯದ ಕುದುರೆ ದಳವೂ ಇತ್ತು, ಸಿಲೇದಾರರ ದೊಡ್ಡ ಪಡೆಯೂ ಇತ್ತು. ನಮ್ಮ ಜಿಲ್ಲೆಯವರಿಗೆ ಹೈದರಾಲಿ ದೂರದವನಲ್ಲ. 1761ರಲ್ಲಿ ಅವನಿಗೆ ಸಿಕ್ಕ ನವಾಬಗಿರಿ ಸಿರಾದ್ದೇ.

ಈಗ ಲೆಕ್ಕದ ಪುಸ್ತಕ ತೆರೆಯೋಣ. ಸರ್ಕಾರಿ ಲಾಯದ ಕುದುರೆ ಯಾರ ಆಸ್ತಿ? ಸರ್ಕಾರದ್ದು. ಅದು ಯುದ್ಧದಲ್ಲಿ ಸತ್ತರೆ ನಷ್ಟವೂ ಸರ್ಕಾರದ್ದೇ. ಸಿಲೇದಾರನ ಕುದುರೆ ಅವನ ಸ್ವಂತ ಬಂಡವಾಳ. ಅದು ಸತ್ತರೆ ಅವನ ಬಂಡವಾಳ ಮುಳುಗಿತು, ಅದರ ಜೊತೆಗೆ ನೌಕರಿಯೂ ಹೋಯಿತು. ಹೀಗಿರುವಾಗ ತೋಪಿನ ಬಾಯಿಗೆ ಕುದುರೆ ನುಗ್ಗಿಸು ಎಂದರೆ ಅವನು ಎರಡು ಸಲ ಯೋಚಿಸುತ್ತಾನೆ. ಸಿಲೇದಾರರು ಬೆನ್ನಟ್ಟುವುದಕ್ಕೆ, ಶತ್ರುವಿನ ದವಸ ತಡೆಯುವುದಕ್ಕೆ, ಸುದ್ದಿ ತರುವುದಕ್ಕೆ ಗಟ್ಟಿಗರು, ನೇರ ನುಗ್ಗುವುದಕ್ಕೆ ಹಿಂಜರಿಯುತ್ತಾರೆ ಎಂಬ ದೂರನ್ನು ಆ ಕಾಲದ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಅದನ್ನು ಹೇಡಿತನ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಸಾಲ ಮಾಡಿ ಆಟೋ ಕೊಂಡವನು ಗುಂಡಿ ಬಿದ್ದ ರಸ್ತೆಗೆ ಇಳಿಸಲು ಹಿಂದೆ ಮುಂದೆ ನೋಡುವುದಿಲ್ಲವೇ, ಅಂಥದೇ ಇದೂ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸವಾರರೆಲ್ಲ ಒಂದೇ ದಿನಕ್ಕೆ ನಿರುದ್ಯೋಗಿಗಳಾದರು. ಕತ್ತಿ ಹಿಡಿಯಲು ಗೊತ್ತಿರುವ, ಕೆಲಸವಿಲ್ಲದ ಸಾವಿರಾರು ಮಂದಿ ಊರೂರು ಅಲೆದರೆ ಏನಾಗುತ್ತದೆ ಎಂದು ದಿವಾನ್ ಪೂರ್ಣಯ್ಯನವರಿಗೆ ಗೊತ್ತಿತ್ತು. ಅವರಲ್ಲಿ ಉತ್ತಮರನ್ನು ಆರಿಸಿ ಹೊಸ ರಾಜ್ಯದ ಸಿಲೇದಾರ ಪಡೆಗೆ ಸೇರಿಸಿಕೊಂಡರು. ನಿನ್ನೆ ಸುಲ್ತಾನನ ಉಪ್ಪು ತಿಂದವರು ಇಂದು ಮಹಾರಾಜರ ಉಪ್ಪು ತಿನ್ನತೊಡಗಿದರು. ಅವರು ಯಾರ ಕಡೆ ಎಂದು ಆಗ ಕೇಳಿದ್ದರೆ ಏನು ಹೇಳುತ್ತಿದ್ದರೋ.

ಈ ಸವಾರರು ನಾಲ್ಕೇ ವರ್ಷಕ್ಕೆ ಆರ್ಥರ್ ವೆಲ್ಲೆಸ್ಲಿಯ ಜೊತೆ ಮರಾಠರ ವಿರುದ್ಧ ದಖನ್‌ಗೆ ಹೋದರು. ಆ ದಂಡಯಾತ್ರೆಯ ದೊಡ್ಡ ಯುದ್ಧ ಅಸ್ಸಾಯೆಯಲ್ಲಿ ನಡೆಯಿತು, 1803ರ ಸೆಪ್ಟೆಂಬರ್ 23ರಂದು. ತಾರೀಖನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಅಲ್ಲಿ ಮೈಸೂರು ಕುದುರೆಗಳ ಕೆಲಸ ನದಿಯ ಈಚೆ ನಿಂತು ಮರಾಠರ ಸವಾರರ ಮೇಲೆ ಕಣ್ಣಿಡುವುದಾಗಿತ್ತು. 1807ರ ಒಪ್ಪಂದದಲ್ಲಿ ಮೈಸೂರು ಸದಾ 4000 ಕುದುರೆ ಸವಾರರನ್ನು ಸಿದ್ಧವಾಗಿ ಇಟ್ಟಿರಬೇಕು ಎಂದು ಬರೆಸಿಕೊಂಡರು. ಇದು ಕಂಪನಿಗೆ ವರ್ಷವರ್ಷವೂ ಕಟ್ಟುತ್ತಿದ್ದ ಪೊಗದಿಯ ಮೇಲೆ ಬಿದ್ದ ಹೊರೆ.

4000 ಸವಾರರಿಗೆ ಕುದುರೆ ಬೇಕು. ಇಲ್ಲಿಗೆ ಕುಣಿಗಲ್ ಬಂತು.

ಕುಣಿಗಲ್ಲಿನ ಸ್ಟಡ್ ಫಾರ್ಮ್ ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಹೋಗುವ ಎಲ್ಲರಿಗೂ ಗೊತ್ತು. 400 ಎಕರೆಗೂ ಮೀರಿದ ಜಾಗ, ದೊಡ್ಡ ಮರಗಳು, ಬೇಲಿಯ ಹಿಂದೆ ಹುಲ್ಲುಗಾವಲು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕಲು ಶುರುವಾದ ಜಾಗ ಇದು ಎನ್ನುತ್ತಾರೆ. ಆಮೇಲೆ ಮೈಸೂರಿನ ಸಿಲೇದಾರ ಪಡೆಗೆ ಇಲ್ಲಿ ಮರಿ ಹಾಕಿಸುತ್ತಿದ್ದರು. ಸೈನ್ಯದಲ್ಲಿ ಕುದುರೆಯ ಕಾಲ ಮುಗಿದ ಮೇಲೆ ಅದು ರೇಸ್ ಕುದುರೆಗಳ ಜಾಗವಾಯಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಈಚೆಗೆ ಆ ಜಾಗದಲ್ಲಿ ಉಪನಗರ ಕಟ್ಟುವ ಮಾತು ಎದ್ದು, ಊರಿನಲ್ಲಿ ಪರ ವಿರೋಧ ಎರಡೂ ನಡೆದಿದೆ. ನಮ್ಮ ಮಾಮೂ ಕುಣಿಗಲ್ಲಿನಲ್ಲಿ ಇರುವುದರಿಂದ ಒಂದು ಭಾನುವಾರ ಬೆಳಿಗ್ಗೆ ಅವರ ಬೈಕಿನ ಹಿಂದೆ ಕೂತು ನೋಡಿ ಬಂದೆ. ಒಳಗೆ ಹೋಗಲಿಲ್ಲ, ಬೇಲಿಯ ಹೊರಗೇ ನಿಂತಿದ್ದೆ. ಐದಾರು ಮರಿಗಳು ಒಟ್ಟಿಗೆ ಇದ್ದವು. ಒಂದು ಓಡಿದರೆ ಉಳಿದವೂ ಕಾರಣವಿಲ್ಲದೆ ಓಡುತ್ತಿದ್ದವು, ಅದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ದೂರದಲ್ಲಿ ಒಬ್ಬರು ಕುದುರೆಯ ಕಾಲು ಎತ್ತಿ, ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು ಗೊರಸು ಕೆರೆಯುತ್ತಿದ್ದರು. ಅಷ್ಟು ದೊಡ್ಡ ಪ್ರಾಣಿ ಮೂರು ಕಾಲ ಮೇಲೆ ಸುಮ್ಮನೆ ನಿಂತಿತ್ತು. 'ಅವನೇ ನೋಡು ಸಾಯಿಸ್' ಎಂದರು ಮಾಮೂ.

ಆ ಪದದ ಬಗ್ಗೆ ನಮ್ಮ ಉರ್ದು ಉಪನ್ಯಾಸಕರನ್ನು ಕೇಳಿದಾಗ ಒಂದು ಆಶ್ಚರ್ಯ ಕಾದಿತ್ತು. ಅರಬ್ಬಿಯಲ್ಲಿ ಸಾಯಿಸ್ ಮತ್ತು ಸಿಯಾಸತ್ ಒಂದೇ ಬೇರಿನಿಂದ ಹುಟ್ಟಿದವಂತೆ. ಸಿಯಾಸತ್ ಎಂದರೆ ರಾಜಕೀಯ, ಆಳುವ ವಿದ್ಯೆ. ಕುದುರೆಯನ್ನು ನೋಡಿಕೊಳ್ಳುವುದಕ್ಕೂ ಜನರನ್ನು ನೋಡಿಕೊಳ್ಳುವುದಕ್ಕೂ ಒಂದೇ ಧಾತು. ರಾಜಕೀಯದವರಿಗೆ ಸಾಯಿಸ ಎಂದರೆ ಬೇಜಾರಾಗಬಹುದು, ನಮ್ಮ ದಾದಿಗೆ ಆಗುವ ಹಾಗೆ. ಇನ್ನೊಂದು ಪದ ನಮ್ಮ ಕಣ್ಣೆದುರೇ ಓಡಾಡುತ್ತಿದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ರುಮಾಲು ಸುತ್ತಿ, ಬಿಲ್ಲೆ ಪಟ್ಟಿ ಹಾಕಿಕೊಂಡು ನಿಲ್ಲುವ ದಫೇದಾರ ಇದ್ದಾರಲ್ಲ, ಆ ಹೆಸರು ಕುದುರೆ ದಳದ್ದು. ಕಾಲಾಳು ದಳದ ಹವಾಲ್ದಾರನಿಗೆ ಸಮನಾದ ಹುದ್ದೆ. ಕುದುರೆ ಹೋಗಿ ಹೆಸರು ಮಾತ್ರ ಬಾಗಿಲಲ್ಲಿ ನಿಂತಿದೆ.

1831ರಿಂದ 50 ವರ್ಷ ಬ್ರಿಟಿಷರೇ ಮೈಸೂರನ್ನು ಆಳಿದರು. ಸಿಲೇದಾರರು ಯುದ್ಧಕ್ಕಿಂತ ಹೆಚ್ಚಾಗಿ ಖಜಾನೆ ಕಾಯುವ, ಊರು ಸುತ್ತುವ ಪೊಲೀಸರಾದರು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು, ಜೊತೆಗೆ ಪೊಗದಿಯನ್ನು ವರ್ಷಕ್ಕೆ 35 ಲಕ್ಷ ರೂಪಾಯಿಗೆ ಏರಿಸುವ ಷರತ್ತೂ ಬಂತು. (ಕ್ಷಾಮದಿಂದ ಬಸವಳಿದ ರಾಜ್ಯ ಅಷ್ಟು ಕೊಡಲಾಗದೆ ಏರಿಕೆಯನ್ನು 1896ರವರೆಗೆ ಮುಂದೆ ಹಾಕಿಸಿಕೊಂಡಿತು.) ಖರ್ಚು ಉಳಿಸಲು ಸಿಲೇದಾರರ ಸಂಖ್ಯೆ ಇಳಿಯಿತು. 1889ರಲ್ಲಿ ಬ್ರಿಟಿಷರು ಹೊಸ ಯೋಜನೆ ತಂದರು. ದೇಶೀ ರಾಜ್ಯಗಳು ತಮ್ಮ ಖರ್ಚಿನಲ್ಲಿ ಒಂದು ದಳವನ್ನು ಸಾಕಿ ತರಬೇತು ಮಾಡಿಟ್ಟಿರಬೇಕು, ಸಾಮ್ರಾಜ್ಯಕ್ಕೆ ಬೇಕಾದಾಗ ಕಳಿಸಬೇಕು. ಇಂಪೀರಿಯಲ್ ಸರ್ವಿಸ್ ಎಂದು ಅದರ ಹೆಸರು. ಬಿಕಾನೇರಿನ ಒಂಟೆ ದಳ 1902ರಿಂದ 1904ರವರೆಗೆ ಆಫ್ರಿಕಾದ ಸೊಮಾಲಿಲ್ಯಾಂಡಿಗೆ ಹೋಗಿ ಕಾದಿದ್ದು ಈ ಯೋಜನೆಯಲ್ಲೇ. ಮೈಸೂರಿನ ಪಾಲಿಗೆ ಬಂದದ್ದು ಭರ್ಜಿ ಹಿಡಿದ ಕುದುರೆ ಸವಾರರ ದಳ. ಇದೇ ಮೈಸೂರು ಲ್ಯಾನ್ಸರ್ಸ್. 1890ರ ದಶಕದ ಆರಂಭದಲ್ಲಿ ಹಳೆಯ ಸಿಲೇದಾರ ರೆಜಿಮೆಂಟುಗಳನ್ನು ಒಡೆದು ಕಟ್ಟಿ ಇದನ್ನು ಮಾಡಿದರು. ಬೆಂಗಳೂರಿನಲ್ಲಿ ಇದರ ನೆಲೆ. ಅರಸು ಮನೆತನದವರು, ಮರಾಠರು, ಮುಸ್ಲಿಮರು ಒಂದೇ ಸಾಲಿನಲ್ಲಿ ಭರ್ಜಿ ಹಿಡಿದರು.

ನಮ್ಮ ಮನೆಯ ಪ್ರಶ್ನೆಗೆ ಉತ್ತರದ ಸುಳಿವು ನನಗೆ ಸಿಕ್ಕಿದ್ದು ಒಂದು ಸಂಬಳದ ಪಟ್ಟಿಯಲ್ಲಿ. ಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಕಾಲಾಳು ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಸಿಲೇದಾರ ಪದ್ಧತಿಯ ಸವಾರನಿಗೆ 34 ರೂಪಾಯಿ. ಅಬ್ಬಾ, ಮೂರು ಪಟ್ಟು ಅನ್ನಿಸಿತು. ಆದರೆ ಆ 34ರಲ್ಲಿ ಕುದುರೆಯ ದಾಣಿ, ಜೀನು, ಲಗಾಮು, ಅವನ ಬಟ್ಟೆ ಬರೆ ಎಲ್ಲವೂ ಬರಬೇಕು. 34ರಲ್ಲಿ 11 ಕಳೆದರೆ ಉಳಿಯುವ 23 ರೂಪಾಯಿ ಕುದುರೆಯದು, ಸವಾರನದಲ್ಲ ಎಂದುಕೊಳ್ಳಿ.

ಆ ಪದ್ಧತಿಯ ಉಳಿದ ಏರ್ಪಾಡುಗಳನ್ನು ನೋಡಿದರೆ ದ್ವಿತೀಯ ಪಿಯುಸಿಯ ಪಾಲುದಾರಿಕೆ ಅಧ್ಯಾಯ ನೆನಪಾಗುತ್ತದೆ. ಸೇರುವವನು ಕುದುರೆಗೆಂದು ಕೆಲವು ನೂರು ರೂಪಾಯಿ ಠೇವಣಿ ಇಡಬೇಕು. ಆ ಸ್ಥಾನಕ್ಕೆ ಅಸಾಮಿ ಎನ್ನುತ್ತಿದ್ದರು. ನಮ್ಮ ಕನ್ನಡದ 'ಆಸಾಮಿ' ಪದದ ನೆಂಟನೇ ಇದು. ನೌಕರಿ ಬಿಡುವಾಗ ಠೇವಣಿ ವಾಪಸ್, ಪಾಲುದಾರ ನಿವೃತ್ತನಾದಾಗ ಅವನ ಬಂಡವಾಳ ಖಾತೆ ಮುಗಿಸುವ ಹಾಗೆ. ಕುದುರೆ ಸತ್ತರೆ ಏನು ಗತಿ ಎಂದು ಪ್ರತಿಯೊಬ್ಬರೂ ತಿಂಗಳು ತಿಂಗಳು ಚಂದಾ ಹಾಕುತ್ತಿದ್ದರು, ಆ ನಿಧಿಯಿಂದ ಹೊಸ ಕುದುರೆ ಬರುತ್ತಿತ್ತು. ಇನ್ಶೂರೆನ್ಸ್ ಎಂಬ ಹೆಸರಿಲ್ಲದ ಇನ್ಶೂರೆನ್ಸ್. ಇನ್ನೊಂದು ಏರ್ಪಾಡನ್ನು ನಾನು ಎರಡು ಸಲ ಓದಿದೆ. ಇಬ್ಬಿಬ್ಬರು ಸವಾರರು ಸೇರಿ ಒಂದು ತಟ್ಟು, ಒಬ್ಬ ಸಾಯಿಸನನ್ನು ಇಟ್ಟುಕೊಳ್ಳಬೇಕು. ಸಾಯಿಸ ಹುಲ್ಲು ಕೊಯ್ದು, ತಟ್ಟುವಿನ ಮೇಲೆ ಹೇರಿ ತಂದು, ಇಬ್ಬರ ಕುದುರೆಗಳನ್ನೂ ನೋಡಿಕೊಳ್ಳಬೇಕು. ಅವನ ಸಂಬಳ ಕೊಡುವವರು ಆ ಇಬ್ಬರು ಸವಾರರು.

ಇದರ ಅರ್ಥ ಏನು ನೋಡಿ. ಸವಾರ ಸರ್ಕಾರದ ಪುಸ್ತಕದಲ್ಲಿ ಇದ್ದಾನೆ. ಕುದುರೆ ಚಂದಾ ನಿಧಿಯ ಪುಸ್ತಕದಲ್ಲಿ ಇದೆ. ಸಾಯಿಸ ಯಾರ ಪುಸ್ತಕದಲ್ಲೂ ಇಲ್ಲ, ಅವನು ಸವಾರನ ಮನೆಖರ್ಚು. ಮೈಸೂರು ಲ್ಯಾನ್ಸರ್ಸ್ ದಳದ ಖರ್ಚನ್ನೇನೋ ರಾಜ್ಯ ಹೊರುತ್ತಿತ್ತು. ಆದರೆ ಎಲ್ಲ ಕುದುರೆ ದಳಗಳ ಹಿಂದೆಯೂ ಸಾಯಿಸರು, ಭಿಸ್ತಿಗಳು, ಲಾಳ ಕಟ್ಟುವವರು, ಅಡುಗೆಯವರು ನಡೆದುಕೊಂಡು ಹೋಗುತ್ತಿದ್ದರು. ಆ ಯುದ್ಧಕ್ಕೆ ಭಾರತದಲ್ಲಿ ಸೇರಿಸಿಕೊಂಡವರಲ್ಲಿ ಸುಮಾರು 8.77 ಲಕ್ಷ ಮಂದಿ ಕಾದುವವರು, 5.63 ಲಕ್ಷ ಮಂದಿ ಕಾದದ ಕೆಲಸದವರು. ಹತ್ತರಲ್ಲಿ ನಾಲ್ವರು! ನಾವು ಪಠ್ಯಪುಸ್ತಕದಲ್ಲಿ ಓದುವುದು ಉಳಿದ ಆರು ಜನರ ಕಥೆಯನ್ನು ಮಾತ್ರ.

1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೇಲೆ ಹೇಳಿದ 35 ಲಕ್ಷದ ಜೊತೆ ಹೋಲಿಸಿದರೆ ಅದೆಷ್ಟು ದೊಡ್ಡ ಮೊತ್ತ ಎಂದು ತಿಳಿಯುತ್ತದೆ. ಲ್ಯಾನ್ಸರ್ಸ್ ಆ ವರ್ಷವೇ ಈಜಿಪ್ಟಿಗೆ ಹಡಗು ಹತ್ತಿದರು. ಹೈದರಾಬಾದ್, ಪಟಿಯಾಲ ಮುಂತಾದ ಸಂಸ್ಥಾನಗಳ ಸವಾರರೊಂದಿಗೆ ಸೇರಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. ಮೊದಲ ಕೆಲಸ ಸೂಯೆಜ್ ಕಾಲುವೆ ಕಾಯುವುದು. 1915ರ ಫೆಬ್ರವರಿಯಲ್ಲಿ ತುರ್ಕರು ಮರುಭೂಮಿ ದಾಟಿ ಕಾಲುವೆಗೆ ಬಂದು ಸೋತು ಹಿಂತಿರುಗಿದರು.

ಗೆಳೆಯ ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. 1914ರ ನವೆಂಬರಿನಲ್ಲಿ ಇಸ್ತಾಂಬುಲ್‌ನಲ್ಲಿ ಉಸ್ಮಾನಿ ಖಲೀಫರ ಹೆಸರಿನಲ್ಲಿ ಜಿಹಾದ್ ಘೋಷಣೆಯಾಯಿತು. ಭಾರತದ ಮುಸ್ಲಿಂ ಸೈನಿಕರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಮಕ್ಕಾ ಮದೀನಾಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಬ್ರಿಟಿಷರು ಆಗಲೇ ಸಾರಿದ್ದು ಇದೇ ಕಾರಣಕ್ಕೆ. 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಒಂದು ದಳ ದಂಗೆ ಎದ್ದಿತು. ತಮ್ಮನ್ನು ತುರ್ಕರ ಮೇಲೆ ಕಳಿಸುತ್ತಾರೆ ಎಂಬ ಗಾಳಿಸುದ್ದಿ ಅದರ ಕಾರಣಗಳಲ್ಲಿ ಒಂದು. 1916ರಲ್ಲಿ ಬಸ್ರಾದಲ್ಲಿ 15ನೇ ಲ್ಯಾನ್ಸರ್ಸ್ ಎಂಬ ದಳದ ನೂರಾರು ಸವಾರರು ತುರ್ಕರ ವಿರುದ್ಧ ಹೋಗಲು ಒಪ್ಪದೆ ಶಿಕ್ಷೆಗೆ ಗುರಿಯಾದರು. (ಹೆಸರು ಒಂದೇ ತರಹ ಇದ್ದರೂ ಅದಕ್ಕೂ ಮೈಸೂರಿನ ದಳಕ್ಕೂ ಸಂಬಂಧವಿಲ್ಲ.) ಅದೇ ವರ್ಷ ಮಕ್ಕಾದ ಶರೀಫ್ ಹುಸೇನ್ ಖಲೀಫರ ವಿರುದ್ಧ ಎದ್ದು ಬ್ರಿಟಿಷರ ಕಡೆ ಸೇರಿದರು. ಒಪ್ಪದವರೂ ಮುಸ್ಲಿಮರು, ಹೋದವರೂ ಮುಸ್ಲಿಮರು, ಮಕ್ಕಾದಲ್ಲಿ ನಿಂತು ಎದುರಾಡಿದವರೂ ಮುಸ್ಲಿಮರು. ಹೀಗಿರುವಾಗ 'ನಿಮ್ಮವರು ಯಾರ ಕಡೆ' ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದು ಹೇಗೆ?

ಮೈಸೂರಿನ ಮುಸ್ಲಿಂ ಸವಾರರು ಹೋದರು. ಮನಸ್ಸಿನಲ್ಲಿ ಏನಿತ್ತೋ ನಾವು ಊಹಿಸಬಹುದಷ್ಟೆ. ಕನ್ನಡದಲ್ಲಿ ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ, ಉರ್ದುವಿನಲ್ಲಿ ನಮಕ್ ಹಲಾಲ್ ಎನ್ನುತ್ತೇವೆ. ಊರಿನಲ್ಲಿ ಹೊಟ್ಟೆಗೆ ಕಾಯುವವರು, ತಿಂಗಳ ಸಂಬಳ, ಪಕ್ಕದಲ್ಲಿ ವರ್ಷಗಟ್ಟಲೆ ಜೊತೆ ಉಂಡ ಮರಾಠ ಗೆಳೆಯ, ಇವೆಲ್ಲ ಒಂದು ತಕ್ಕಡಿಯಲ್ಲಿ. ಪ್ರತಿ ಶುಕ್ರವಾರ ಮಸೀದಿಯಲ್ಲಿ ಹೆಸರು ಕೇಳುತ್ತಿದ್ದ ಖಲೀಫ ಇನ್ನೊಂದು ತಕ್ಕಡಿಯಲ್ಲಿ. ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಹುಡುಗ ಮರುಭೂಮಿಯಲ್ಲಿ ರಾತ್ರಿ ಪಹರೆ ನಿಂತು ಇದನ್ನು ತೂಗುತ್ತಿದ್ದ ಎಂದು ನೆನೆದರೆ, ನೂರು ವರ್ಷದ ನಂತರ ಫ್ಯಾನಿನ ಕೆಳಗೆ ಕೂತು ಅವನಿಗೆ ಅಂಕ ಹಾಕಲು ನನಗೆ ಮನಸ್ಸು ಬರುವುದಿಲ್ಲ.

1917ರಲ್ಲಿ ಸೈನ್ಯ ಗಾಜಾ ದಾಟಿ ಪ್ಯಾಲೆಸ್ತೀನಿಗೆ ನುಗ್ಗಿತು. ಅಲ್ಲಿ ಶತ್ರುವಿಗಿಂತ ದೊಡ್ಡ ಸಮಸ್ಯೆ ನೀರು. ಒಂದು ಕುದುರೆಗೆ ದಿನಕ್ಕೆ ಎರಡು ಮೂರು ಬಿಂದಿಗೆ ನೀರಾದರೂ ಬೇಕು. ಬೆನ್ನ ಮೇಲೆ ಸವಾರ, ಜೀನು, ಆಯುಧ, ದಾಣಿ ಸೇರಿ ನೂರು ಕಿಲೋಗೂ ಹೆಚ್ಚು ಭಾರ. ಗಾಜಾದ ಆಚೀಚೆಯ ಕಾದಾಟದಲ್ಲಿ ಕೆಲವು ದಳಗಳ ಕುದುರೆಗಳು ಎರಡು ದಿನಕ್ಕೂ ಹೆಚ್ಚು ಹೊತ್ತು ನೀರು ಕಾಣದೆ ನಡೆದವು. ಆ ಕಾಲಕ್ಕೆ ಭಾರತದ ಸೈನ್ಯಕ್ಕೆ ಹೆಚ್ಚಿನ ಕುದುರೆಗಳು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುತ್ತಿದ್ದವು. ನ್ಯೂ ಸೌತ್ ವೇಲ್ಸ್‌ನವು ಎಂದು ಅವಕ್ಕೆ ವೇಲರ್ ಎಂಬ ಹೆಸರು. ಆದ್ದರಿಂದ ಹೈಫಾದಲ್ಲಿ ಓಡಿದ್ದೆಲ್ಲ ಕುಣಿಗಲ್ ಕುದುರೆ ಎಂದು ನಮ್ಮ ಮಾಮೂ ಹೇಳುವುದನ್ನು ನಾನು ಸದ್ಯಕ್ಕೆ ಜಮಾ ಖಾತೆಗೆ ಹಾಕಿಕೊಂಡಿಲ್ಲ.

1918ರಲ್ಲಿ ಫ್ರಾನ್ಸಿನಿಂದ ಜೋಧಪುರ ಲ್ಯಾನ್ಸರ್ಸ್ ಬಂದು ಬ್ರಿಗೇಡಿಗೆ ಸೇರಿದರು. ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಅದರ ಮುಖ್ಯಸ್ಥ, ಅದು ಇದ್ದದ್ದು 5ನೇ ಕ್ಯಾವಲ್ರಿ ಡಿವಿಜನ್‌ನಲ್ಲಿ. ಸೆಪ್ಟೆಂಬರ್ 19ರಂದು ಅಲೆನ್‌ಬಿಯ ಸೈನ್ಯ ತುರ್ಕರ ಸಾಲನ್ನು ಒಡೆಯಿತು. 22ರಂದು ಯಂತ್ರದ ವಾಹನಗಳು ಹೈಫಾ ಬಂದರನ್ನು ಹಿಡಿಯಲು ಹೋಗಿ ಗುಂಡಿನ ಸುರಿಮಳೆಗೆ ಹಿಂದೆ ಬಂದವು. ಆಗ ಕುದುರೆಗಳಿಗೆ ಆಜ್ಞೆಯಾಯಿತು. ಮರುದಿನ ಸೆಪ್ಟೆಂಬರ್ 23. ಅಸ್ಸಾಯೆಗೆ ಸರಿಯಾಗಿ 115 ವರ್ಷ.

ಹೈಫಾಗೆ ಹೋಗುವ ದಾರಿ ಇಕ್ಕಟ್ಟು. ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ನದಿಯ ಕೆಸರು, ಮಧ್ಯೆ ರಸ್ತೆ ಮತ್ತು ರೈಲು ಹಳಿ. ಬೆಟ್ಟದ ಮೇಲೆ ತೋಪುಗಳು, ಕೆಳಗೆ ಮೆಷಿನ್ ಗನ್ನುಗಳು. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟ ಹತ್ತಿ ತೋಪುಗಳನ್ನು ಹಿಂದಿನಿಂದ ಹಿಡಿಯಬೇಕು. ಉಳಿದ ಮೈಸೂರಿನವರು ಗುಂಡಿನ ಆಸರೆ ಕೊಡಬೇಕು, ಜೋಧಪುರದವರು ನೇರ ನುಗ್ಗಬೇಕು. ಮಧ್ಯಾಹ್ನ 2 ಗಂಟೆಗೆ ನುಗ್ಗಿದರು. ನದಿಯ ಅಂಚು ನೋಡಲು ಹೋದ ಸವಾರರ ಕುದುರೆಗಳು ಕುಸಿಯುವ ಮರಳಿನಲ್ಲಿ ಮುಳುಗಿದವು, ದಳ ಎಡಕ್ಕೆ ತಿರುಗಿ ಮೆಷಿನ್ ಗನ್ನುಗಳ ಮೇಲೆಯೇ ಹಾಯಿತು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲಿ ಪ್ರಾಣ ಕೊಟ್ಟರು. ಬೆಟ್ಟದ ಮೇಲೆ, ಕುದುರೆಗಳು ಏದುಸಿರು ಬಿಡುವ ಏರಿನಲ್ಲಿ, ಬೆರಳೆಣಿಕೆಯ ಮೈಸೂರು ಸವಾರರು ತೋಪುಗಳ ಮೇಲೆ ಭರ್ಜಿ ಹಿಡಿದು ಬಿದ್ದು ಅವನ್ನು ವಶಮಾಡಿಕೊಂಡರು. ಜೋಧಪುರದವರ ಬೆನ್ನಿಗೆ ಮೈಸೂರಿನವರೂ ಊರಿನ ಬೀದಿಗಳಿಗೆ ಹೊಕ್ಕರು. ಒಂದು ಗಂಟೆಯಲ್ಲಿ ಬಂದರು ಕೈಗೆ ಬಂತು.

ಆ ದಿನದ ಲೆಕ್ಕ ಹೀಗಿದೆ. ಸೆರೆ ಸಿಕ್ಕವರು 1350, ತೋಪು 17, ಮೆಷಿನ್ ಗನ್ 11. ತಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆ 60, ಗಾಯಗೊಂಡ ಕುದುರೆ 83.

ನಾನು ಈ ಸಾಲನ್ನು ಬಹಳ ಹೊತ್ತು ನೋಡಿದೆ. ಕುದುರೆಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಗಾಯಗೊಂಡ ಆ 83 ಕುದುರೆಗಳ ಗಾಯ ತೊಳೆದು, ಆ ರಾತ್ರಿ ನೀರು ಹುಡುಕಿ ತಂದವರು ಈ ಲೆಕ್ಕದಲ್ಲಿ ಯಾವ ಕಲಮಿನಲ್ಲೂ ಇಲ್ಲ.

ಅಲ್ಲಿಗೆ ಅವರ ಯುದ್ಧ ಮುಗಿಯಲಿಲ್ಲ. ಸಿರಿಯಾದ ಉದ್ದಕ್ಕೂ ನಡೆದು, ಅಕ್ಟೋಬರ್ 26ರಂದು ಅಲೆಪ್ಪೋದ ಆಚೆ ಹರಿತಾನ್ ಎಂಬಲ್ಲಿ ಜೋಧಪುರದವರ ಜೊತೆ ಇನ್ನೊಮ್ಮೆ ನುಗ್ಗಿದರು. ನಾಲ್ಕೈದು ದಿನದಲ್ಲಿ ತುರ್ಕಿ ಶರಣಾಯಿತು. ದಳ ಮೈಸೂರಿಗೆ ಮರಳಿದ್ದು 1920ರಲ್ಲಿ. ಅವರು ಬರುವ ಹೊತ್ತಿಗೆ ಇಲ್ಲಿ ಖಿಲಾಫತ್ ಚಳವಳಿ ಊರೂರಿಗೆ ಹಬ್ಬಿತ್ತು. ಗಾಂಧೀಜಿಯೂ ಅದರಲ್ಲಿದ್ದರು. ಎದೆಯ ಮೇಲೆ ಪದಕ ಹಾಕಿಕೊಂಡು ಬಂದವರು, ಅದೇ ಖಲೀಫರ ಪರ ಮೆರವಣಿಗೆ ನಡೆಯುವ ಬೀದಿಗೆ ಬಂದು ಇಳಿದರು. ಈ ಭಾಗದ ಬಗ್ಗೆ ಯಾರಾದರೂ ನಾಟಕ ಬರೆಯಬೇಕು, ಗುಬ್ಬಿಯೇ ನಾಟಕದ ಊರಲ್ಲವೇ.

1922ರಲ್ಲಿ ದೆಹಲಿಯಲ್ಲಿ ಮೂರು ಸೈನಿಕರ ಪ್ರತಿಮೆ ನಿಲ್ಲಿಸಿದರು. ಹೈದರಾಬಾದ್, ಜೋಧಪುರ, ಮೈಸೂರಿಗೆ ಒಂದೊಂದು. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅದರಿಂದ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದ ಬಳಿ ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. 1953ರಲ್ಲಿ ಗ್ವಾಲಿಯರ್, ಜೋಧಪುರ, ಮೈಸೂರು ಮೊದಲಾದ ಸಂಸ್ಥಾನಗಳ ಸವಾರರನ್ನು ಕೂಡಿಸಿ 61ನೇ ಕ್ಯಾವಲ್ರಿ ಮಾಡಿದರು. ಅಲ್ಲಿಗೆ ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರು ಮುಗಿಯಿತು. ಗಣರಾಜ್ಯೋತ್ಸವದಲ್ಲಿ ಕುದುರೆಯ ಮೇಲೆ ಬರುವ ದಳ ಅದೇ. ಮುಂದಿನ ಜನವರಿಯಲ್ಲಿ ಟಿವಿ ನೋಡುವಾಗ ಗಮನಿಸಿ.

ಇಷ್ಟು ಬರೆದುಕೊಂಡು ಹೋದ ಭಾನುವಾರ ಗುಬ್ಬಿಗೆ ಹೋದೆ. ದಾದಿಗೆ ಹೈಫಾದ ಕಥೆ ಹೇಳಿದೆ, ಬಹಳ ಖುಷಿಪಟ್ಟರು. ಆಮೇಲೆ ಇಬ್ಬರು ಸವಾರರಿಗೆ ಒಬ್ಬ ಸಾಯಿಸ ಎಂಬ ವಿಷಯ ಹೇಳಿದೆ, 5.63 ಲಕ್ಷದ ಲೆಕ್ಕ ಹೇಳಿದೆ. ಮಾತಾಡಲಿಲ್ಲ. ಹುರುಳಿ ಆರಿಸುತ್ತಿದ್ದರು, ಆರಿಸುತ್ತಲೇ ಇದ್ದರು. ಆ ದಾದಾನನ್ನು ನೀವು ಕಣ್ಣಾರೆ ನೋಡಿದ್ದೀರಲ್ಲ, ಹೇಗಿದ್ದರು ಎಂದು ಕೇಳಿದೆ. ದಾದಿ ಮದುವೆಯಾಗಿ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತಂತೆ. ಕತ್ತಿಯ ಮಾತು, ಯುದ್ಧದ ಮಾತು ಒಂದು ದಿನವೂ ಆಡಿದ್ದಿಲ್ಲ. ಬೇಸಿಗೆಯಲ್ಲಿ ಯಾರ ಮನೆಯ ಎತ್ತು ಬಂದರೂ ಮೊದಲು ಬಕೆಟ್ ನೀರು ಇಡುತ್ತಿದ್ದರು, ಆಮೇಲೆ ಎತ್ತಿನ ಯಜಮಾನನಿಗೆ ಸಲಾಂ. ರಾತ್ರಿ ಮಕ್ಕಳು ಮಲಗುವ ಮುಂಚೆ ಒಬ್ಬೊಬ್ಬರ ಕಾಲನ್ನೂ ಎತ್ತಿ ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು, ದೀಪ ಹತ್ತಿರ ಹಿಡಿದು, ಅಂಗಾಲಿನಲ್ಲಿ ಮುಳ್ಳು ಕಲ್ಲು ಇದೆಯೋ ಎಂದು ಬೆರಳಾಡಿಸಿ ನೋಡುತ್ತಿದ್ದರಂತೆ.

'ಕಾಲು ಎತ್ತಿ ಮಂಡಿಯ ಮೇಲಾ?' ಎಂದು ನಾನು ಕೇಳಿದೆ. ಕುಣಿಗಲ್ಲಿನ ಬೇಲಿಯಾಚೆ ಕಂಡದ್ದನ್ನು ಹೇಳಿದೆ.

ದಾದಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. 'ಸವಾರರೂ ನೋಡ್ತಿದ್ದರು ಕಾಲು' ಎಂದರು. ಅದೂ ನಿಜವೇ, ನೋಡುತ್ತಿದ್ದರು. ನಾನು ಹೊರಡುವಾಗ ಬಾಗಿಲ ತನಕ ಬಂದು ಹೇಳಿದರು: 'ಕಾಲೇಜಿನ ಪತ್ರಿಕೆಯಲ್ಲಿ ಬರಿತೀಯಲ್ಲ, ಸಾಯಿಸ್ ಅಂತ ಬರಿ. ಸವಾರ್ ಅಂತಲೂ ಬರಿ.'